ಮರಳಿನ ಲೆಕ್ಕದಲ್ಲಿ ಅಣ್ಣ

ಅಲೆಗಳು ಕಡಲ ತಳದ ಮರಳನ್ನು ಎತ್ತ ಒಯ್ಯುತ್ತವೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು ಅವಳ ಕೆಲಸ. ಆ ಲೆಕ್ಕಕ್ಕೆ ಬೇಕಾದ ಅಳತೆಯ ಯಂತ್ರವನ್ನು ತಳದಲ್ಲಿ ಇಟ್ಟು ಬರುವುದು, ತೆಗೆದು ತರುವುದು ಅಣ್ಣನದು. "ನೀನು ಕುರ್ಚಿ ಮೇಲೆ ಕೂತು ಸಮುದ್ರ ಅಲ್ಲಾಡಿಸ್ತೀಯ, ನೆನೆಯೋನು ನಾನು," ಎಂದು ರೇಗಿಸುತ್ತಿದ್ದ.

ಬಿರುಗಾಳಿಗೆ ಮುಂಚೆ ಯಂತ್ರ ತರಲೆಂದು ಮುಳುಗಿದವನು ಮೇಲೆ ಬರಲಿಲ್ಲ. ಅಲೆ ಏರಿದಾಗ ದೋಣಿಯವರು ಬರಿಗೈಯಲ್ಲಿ ಮರಳಿದರು. ಗಾಳಿ ನಿಂತ ಮೇಲೆ ಹುಡುಕಿದವರಿಗೆ ಯಂತ್ರ ಸಿಕ್ಕಿತು, ಅವನು ಸಿಗಲಿಲ್ಲ.

ಮನೆ ತುಂಬ ಅಳು. ಅವಳಿಗೆ ಅಳು ಬರಲಿಲ್ಲ. ಎದ್ದು ಆಫೀಸಿಗೆ ಹೋದಳು. ಅಲ್ಲಿಗೆ ತಂದಿಟ್ಟಿದ್ದ ಯಂತ್ರದೊಳಗೆ ಬಿರುಗಾಳಿಯ ಒಂದೊಂದು ಅಲೆಯೂ ದಾಖಲಾಗಿತ್ತು.

"ಇದನ್ನೆಲ್ಲ ಈಗ್ಯಾಕಮ್ಮ? ಮನೆಗೆ ಹೋಗು," ಎಂದರು ಮೇಲಧಿಕಾರಿ.

"ಮನೇಲಿ ಏನ್ ಮಾಡ್ಲಿ ಸಾರ್?"

ಮಧ್ಯಾಹ್ನ ಅತ್ತಿಗೆ ಬಂದು ಪಕ್ಕದಲ್ಲಿ ಕೂತಳು. "ನಾಳೆಗೆ ಹುಡುಕೋದು ನಿಲ್ಲಿಸ್ತಾರಂತೆ. ಮರಳು ಎಲ್ಲಿಗೆ ಹೋಗುತ್ತೆ ಅಂತ ಹೇಳ್ತೀಯಲ್ಲ, ಇವರು ಎಲ್ಲಿಗೆ ಹೋದ್ರು ಹೇಳು."

"ಇದು ಮರಳಿನ ಲೆಕ್ಕ ಅತ್ತಿಗೆ. ಮನುಷ್ಯರದ್ದಲ್ಲ."

"ಅದೆಲ್ಲ ನಂಗೆ ಬೇಡ. ಎಲ್ಲಾದ್ರೂ ಒಂದ್ ಕಡೆ ಬೆರಳಿಡು."

ಮರಳಿನ ಕಣದ ಗಾತ್ರ, ತೂಕ ಕೇಳುವ ಜಾಗದಲ್ಲಿ ಅವಳು ಅಣ್ಣನನ್ನು ತುಂಬತೊಡಗಿದಳು.

"ತೂಕ ಎಷ್ಟಿದ್ದ?"

"ಈಚೆಗೆ ಇಳಿದಿದ್ರು. ಊಟ ಸರಿಯಾಗಿ ಮಾಡ್ತಿರ್ಲಿಲ್ಲ."

"ಮುಳುಗೋಕೆ ಸೊಂಟಕ್ಕೆ ಕಟ್ಟೋ ಸೀಸದ ಪಟ್ಟಿ?"

"ಹಳೇದೇ."

ಬೆರಳುಗಳು ಒಂದೇ ಸಮನೆ ಟೈಪ್ ಮಾಡುತ್ತಿದ್ದವು. ಯಾರದೋ ಬೆರಳುಗಳು ಎಂಬಂತೆ ಅವನ್ನು ನೋಡಿದಳು.

ಹುಡುಕುವವರು ದಡದುದ್ದಕ್ಕೂ ಅಲೆದಿದ್ದರು. ಲೆಕ್ಕ ಬೇರೆ ಕಡೆ ತೋರಿಸಿತು: ತಳದ ನೀರು ಆಳಕ್ಕೆ ಎಳೆದು, ಹಡಗುಗಳಿಗಾಗಿ ತೋಡಿದ ಕಾಲುವೆಗೆ ಉರುಳಿಸಿರಬೇಕು. ಅವಳು ಫೋನ್ ಮಾಡಿ ಜಾಗ ಹೇಳಿದಳು. "ಖಾತ್ರಿ ಇಲ್ಲ," ಎಂದೂ ಸೇರಿಸಿದಳು.

ಮರುದಿನ ಬೆಳಗ್ಗೆ ಸಿಕ್ಕಿದ. ಎದೆಯವರೆಗೆ ಮರಳಿನಲ್ಲಿ ಹೂತುಹೋಗಿದ್ದನಂತೆ. "ನೀವು ಹೇಳಿದ ಜಾಗಕ್ಕಿಂತ ಸ್ವಲ್ಪ ಆಚೆ," ಎಂದ ದೋಣಿಯವನು. ಲೆಕ್ಕದಲ್ಲಿ ತಳದ ಒರಟುತನವನ್ನು ಜಾಸ್ತಿ ಹಿಡಿದಿರಬೇಕು ಎಂದುಕೊಂಡಳು. ಅಷ್ಟೇ ಹೊಳೆದದ್ದು.

ಬಂದರಿನ ಧಕ್ಕೆಯ ಮೇಲೆ ಮಲಗಿಸಿದಾಗ ಅತ್ತಿಗೆ ಕುಸಿದು ಬಿದ್ದು ಅತ್ತಳು. ಅವಳು ಅಣ್ಣನ ತಲೆಯ ಬಳಿ ಕೂತು, ಕಿವಿಯೊಳಗಿನ, ಕೂದಲ ಬುಡದ ಮರಳನ್ನು ಸೆರಗಿನ ತುದಿಯಿಂದ ಒರೆಸತೊಡಗಿದಳು. ಯಾರೋ ಭುಜ ಹಿಡಿದರು.

"ಸಾಕು, ಏಳಮ್ಮ."

"ಇನ್ನೂ ಇದೆ," ಎಂದಳು.