ದೂರಿಲ್ಲದ ಬೀದಿ

ಸುಟ್ಟ ಮೋಟಾರು ನಮ್ಮ ಅಂಗಡಿಯ ನಡುಮಧ್ಯೆ ಹೆಣದ ಹಾಗೆ ಮಲಗಿ ನಾಲ್ಕು ದಿನವಾಗಿತ್ತು. ಸೋಮವಾರ ಬೆಳಿಗ್ಗೆ ಅಪ್ಪ ತನ್ನದೇ ಚೈನು ಪುಲ್ಲಿ ಹೂಡಿ, ತನ್ನದೇ ಕೆಲಸದವರನ್ನು ನಿಲ್ಲಿಸಿ, ನೀರಿನ ಕಚೇರಿಗೆ ಸೇರಿದ ಬೀದಿಯ ಕೊಳವೆಬಾವಿಯಿಂದ ಅದನ್ನು ಮೇಲೆತ್ತಿ ತಂದಿದ್ದ. ಬೇರೆ ಸಲವಾಗಿದ್ದರೆ ಮಾರನೆಯ ದಿನದೊಳಗೆ ಹೊಸ ತಾಮ್ರದ ತಂತಿ ಸುತ್ತಿ, ಬಾವಿಗೆ ಇಳಿಸಿ, ನೂರಾ ಹತ್ತು ಮನೆಯ ಕೊಡ ತುಂಬಿದ ಮೇಲೆಯೇ ಊಟಕ್ಕೆ ಕೂರುತ್ತಿದ್ದ. ಈ ಸಲ ಅದರ ಒಂದು ಬೋಲ್ಟನ್ನೂ ಮುಟ್ಟಲಿಲ್ಲ.

ಕಾರಣ ಇಷ್ಟೇ. ಅದೇ ಸೋಮವಾರ ಮಧ್ಯಾಹ್ನ ಅಪ್ಪನೂ ನಾನೂ ನೀರಿನ ಕಚೇರಿಗೆ ಹೋಗಿದ್ದೆವು. ಊರಿನ ಕೆಲವು ಬೀದಿಗಳಿಗೆ ದೊಡ್ಡ ಪೈಪು ಹಾಕುತ್ತಾರಂತೆ, ಬಾವಿ, ಮೋಟಾರು ಯಾವುದರ ಹಂಗೂ ಇಲ್ಲದೆ ಮನೆಮನೆಗೆ ನೀರು ಬರುತ್ತದಂತೆ, ನಮ್ಮ ಸರದಿ ಯಾವಾಗ ಎಂದು ಕೇಳಲು.

"ನಿಮ್ಮ ಬೀದಿ ಪಟ್ಟೀಲೇ ಇಲ್ಲ ಯಜಮಾನ್ರೇ," ಎಂದ ಗುಮಾಸ್ತ.

"ಇಪ್ಪತ್ತು ವರ್ಷದಿಂದ ನೀರಿಗೆ ಸಾಯ್ತಿದೀವಲ್ಲಪ್ಪಾ!"

"ಸಾಯ್ತಿದೀವಿ ಅಂತ ಯಾರಾದ್ರೂ ಬರ್ದು ಕೊಟ್ಟಿದಾರಾ?" ಅವನು ದೂರಿನ ದಪ್ಪ ಪುಸ್ತಕವನ್ನು ನಮ್ಮ ಕಡೆ ತಿರುಗಿಸಿದ. ನಮ್ಮ ಬೀದಿಯ ಹಾಳೆಯಲ್ಲಿ ಒಂದಕ್ಷರವಿರಲಿಲ್ಲ. "ನೋಡಿ, ಬೆಳ್ಳಗಿದೆ. ನಿಮ್ಮಷ್ಟು ಸುಖವಾಗಿರೋ ಬೀದಿ ಊರಲ್ಲೇ ಇಲ್ಲ. ಶನಿವಾರ ಸಂಜೆ ಐದಕ್ಕೆ ಪಟ್ಟಿ ಮುಗಿಯತ್ತೆ. ಅಷ್ಟೊತ್ತಿಗೆ ಯಾವ ಬೀದಿ ಹೆಸರಲ್ಲಿ ತೀರದೆ ಇರೋ ದೂರಿದೆಯೋ, ಆ ಬೀದಿಗೆ ಪೈಪು. ಒಂದೇ ಒಂದಿದ್ರೂ ಸಾಕು."

"ಹಾಗಾದ್ರೆ ಈಗ್ಲೇ ಬರೀತೀನಿ, ಕೊಡಿ."

"ನೀವು ಪಂಪು ಪೈಪು ಮಾರೋರು. ನಿಮ್ಮ ಮನೆಯವರು ಯಾರು ಬರೆದ್ರೂ ಸ್ವಂತ ಲಾಭಕ್ಕೆ ಅಂತಾರೆ. ಬೇರೆಯವರು ಬರ್ಲಿ."

ನಾವು ಎದ್ದು ಬಂದೆವು. ಆ ಹಾಳೆಯನ್ನು ಬೆಳ್ಳಗೆ ಇಟ್ಟವನು ತಾನೇ ಎಂಬುದು ಅವನಿಗೆ ಗೊತ್ತಿತ್ತು. ಮೋಟಾರು ನಿಂತಾಗೆಲ್ಲ ಯಾರಾದರೂ ಅರ್ಜಿ ಬರೆಯೋಣ ಎಂದರೆ, "ನೀವು ಪೆನ್ನು ಹುಡುಕೋದ್ರೊಳಗೆ ನಾನು ನಟ್ಟು ಬಿಚ್ಚಿರ್ತೀನಿ, ಹೋಗ್ರಪ್ಪಾ" ಎಂದು ನಗುತ್ತಿದ್ದವನು ಅವನೇ. ಜನ ಅವನನ್ನು ಮೋಟಾರಣ್ಣ ಎಂದು ಕರೆದರು, ಶಾಲು ಹೊದಿಸಿದರು, ಅಂಗಡಿಯ ಗೋಡೆ ತುಂಬ ಫಲಕಗಳನ್ನು ಕೊಟ್ಟರು. ಒಬ್ಬ ಒಳ್ಳೆಯ ಮನುಷ್ಯನ ಬೆವರಿನ ಮೇಲೆ ಒಂದು ಇಡೀ ಕಚೇರಿ ಇಪ್ಪತ್ತು ವರ್ಷ ಕಾಲು ಚಾಚಿ ಮಲಗಿತ್ತು. ನಾವು ಅದಕ್ಕೆ ಸೇವೆ ಎಂದು ಹೆಸರಿಟ್ಟಿದ್ದೆವು.

ಮಂಗಳವಾರ ಅಪ್ಪ ಒಂದು ಕಟ್ಟು ಬಿಳಿ ಹಾಳೆ ಹಿಡಿದು ಮನೆಮನೆ ತಿರುಗಿದ. "ಒಂದು ಅರ್ಜಿ ಬರೀರಿ. ಶನಿವಾರದವರೆಗೆ ನಾನು ಮೋಟಾರು ಮುಟ್ಟಲ್ಲ. ನಾಲ್ಕು ದಿನ ತಡ್ಕೊಂಡ್ರೆ ನಮ್ಮ ಮಕ್ಕಳ ಕಾಲಕ್ಕೂ ನೀರು."

ಎದುರುಮನೆಯ ನಿವೃತ್ತ ಮೇಷ್ಟ್ರು ಹಾಳೆಯನ್ನು ಹಾವಿನ ಹಾಗೆ ನೋಡಿದರು. "ಸುಮ್ನೆ ಅವರನ್ಯಾಕೆ ಎದುರು ಹಾಕ್ಕೋಬೇಕು ಮೋಟಾರಣ್ಣಾ? ನಾಳೆ ನಮಗೂ ಅಲ್ಲಿ ಏನಾದ್ರೂ ಕೆಲ್ಸ ಬೀಳತ್ತೆ. ನೀನಿದೀಯಲ್ಲ, ಒಂದು ಗಂಟೆ ಕೆಲ್ಸ ನಿಂಗೆ."

ನೂರಾ ಒಂಬತ್ತು ಮನೆಯಲ್ಲೂ ಇದೇ ರಾಗ. ಹಾಳೆಗಳು ಹೋದ ಹಾಗೆಯೇ ಮರಳಿ ಬಂದವು.

ಬುಧವಾರದ ಹೊತ್ತಿಗೆ ರಾಗ ಬದಲಾಯಿತು. ಜನ ಖಾಲಿ ಕೊಡ ಹೊತ್ತು ಮೂರು ಬೀದಿಯಾಚೆಗೆ ನಡೆಯುತ್ತಿದ್ದರು, ನಮ್ಮ ಅಂಗಡಿಯ ಮುಂದೆ ಬೇಕೆಂದೇ ನಿಧಾನವಾಗುತ್ತಿದ್ದರು. "ದೊಡ್ಡ ಮನುಷ್ಯರಾಗ್ಬಿಟ್ರು, ಕೈ ಕೊಳೆ ಆಗತ್ತೆ ಈಗ." ಶಾಲು ಹೊದಿಸಿದವರ ಬಾಯಲ್ಲೇ ಈ ಮಾತು. ಅಪ್ಪ ತಲೆ ಎತ್ತದೆ ಪೈಪು ಅಳೆಯುತ್ತಿದ್ದ.

ಮನೆಯಲ್ಲಿ ಅಮ್ಮ ಬೇರೆ. ಅವಳೂ ಎರಡು ಕೊಡ ಹೊತ್ತು ಬಂದಿದ್ದಳು. "ನನ್ನ ಅಡುಗೆಮನೆ ಸಿಂಕು ಎರಡು ವರ್ಷದಿಂದ ಸೋರ್ತಿದೆ. ಒಂದಿನ ಸ್ಪ್ಯಾನರ್ ಹಿಡಿದು ಬಂದ್ರಾ? ಈಗ ಊರಿಗೂ ಬೇಡ, ಮನೆಗೂ ಬೇಡ. ಆಹಾ, ಎಂಥಾ ಗಂಡ!"

"ಶನಿವಾರ ಕಳೀಲಿ ಕಣೇ, ಮೊದ್ಲು ನಿನ್ನ ಸಿಂಕೇ."

"ಬರ್ದು ಕೊಡಿ," ಎಂದಳು ಅಮ್ಮ.

ಗುರುವಾರ ಬೀದಿಯ ಚರಿತ್ರೆಯಲ್ಲೇ ಮೊದಲ ದೂರು ಕಚೇರಿಗೆ ಹೋಯಿತು. ಬರೆದವಳು ಮೂಲೆಮನೆಯ ಟೇಲರ್ ಅಕ್ಕ. ದೂರು ಅಪ್ಪನ ಮೇಲೆ. ಬೀದಿಯ ಮೋಟಾರನ್ನು ಅಂಗಡಿಯವನು ಬಿಚ್ಚಿಕೊಂಡು ಹೋಗಿ ನೀರು ನಿಲ್ಲಿಸಿದ್ದಾನೆ, ಎಂದು. ಇಪ್ಪತ್ತು ವರ್ಷ ಮಲಗಿದ್ದ ಕಚೇರಿ ಎರಡೇ ಗಂಟೆಯಲ್ಲಿ ಎದ್ದು ಕೂತಿತು. ಕಿರಿಯ ಎಂಜಿನಿಯರ್ ಖುದ್ದಾಗಿ ಜೀಪಿನಲ್ಲಿ ಬಂದು ಅಪ್ಪನ ಕೈಗೆ ನೋಟೀಸು ಕೊಟ್ಟು ಹೋದ. ಸರ್ಕಾರಿ ಆಸ್ತಿಯನ್ನು ಇಟ್ಟುಕೊಂಡಿರುವುದೇಕೆ, ಉತ್ತರಿಸಿ.

"ಆ ತಂತಿ, ಆ ಬೇರಿಂಗು, ಆ ಸ್ಟಾರ್ಟರು ಎಲ್ಲ ನಿಂದು. ಸರ್ಕಾರದ್ದು ಅಂತ ಅದರಲ್ಲಿ ತುಕ್ಕು ಬಿಟ್ರೆ ಏನಿದೆಯಪ್ಪಾ?" ಎಂದೆ ನಾನು. ಅಪ್ಪ ನೋಟೀಸನ್ನು ಮಡಚಿ ಜೇಬಿಗಿಟ್ಟ.

ನಾನು ಜಗಳಕ್ಕೆಂದೇ ಟೇಲರ್ ಅಕ್ಕನ ಮನೆಗೆ ಹೋದೆ. ಅವಳ ತಾಯಿ ಹಾಸಿಗೆ ಹಿಡಿದು ವರ್ಷವಾಗಿತ್ತು. ಕೋಣೆಯ ಬಾಗಿಲಲ್ಲಿ ಒದ್ದೆ ಬಟ್ಟೆಗಳ ರಾಶಿ, ಉಸಿರು ಕಟ್ಟುವ ವಾಸನೆ. ಅಕ್ಕ ಹೊಲಿಗೆ ಮಿಷನ್ ಬಿಟ್ಟು ಏಳಲಿಲ್ಲ. "ದಿನಕ್ಕೆ ಐದು ಸಲ ಒಗೀಬೇಕು ಕಣೇ. ಪಟ್ಟಿ ಗಿಟ್ಟಿ ಎಲ್ಲ ನಿಮ್ಮಪ್ಪ ಹೇಳಿದ್ರು, ನಂಗೂ ಅರ್ಥ ಆಯ್ತು. ಅರ್ಥ ಮಾಡ್ಕೊಂಡು ಒಗೆಯೋಕಾಗತ್ತಾ?"

ನಾನು ಜಗಳವಾಡದೆ ಹಿಂತಿರುಗಿದೆ. ಊಟದ ಹೊತ್ತಿಗೆ ಅಪ್ಪನಿಗೆ ಹೇಳಿದೆ. ಅವನು ತಟ್ಟೆಯನ್ನು ಪಕ್ಕಕ್ಕೆ ಸರಿಸಿ ಎದ್ದುಹೋದ. ಶುಕ್ರವಾರವಿಡೀ ತಂತಿ ಸುತ್ತಿದ. ಸುತ್ತುವಾಗ ಬಾಯಿಗೆ ಬಂದಂತೆ ಬೈಯುತ್ತಿದ್ದ, ಯಾರನ್ನು ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಶನಿವಾರ ಮಧ್ಯಾಹ್ನ ಮೋಟಾರು ಬಾವಿಗಿಳಿಯಿತು. ನಲ್ಲಿ ಮೊದಲು ಕೆಂಪಗೆ ಕಕ್ಕಿತು, ಆಮೇಲೆ ತಿಳಿಯಾಯಿತು. ಕೊಡಗಳ ಸಾಲು ಬೀದಿಯ ತಿರುವಿನವರೆಗೆ ಬೆಳೆಯಿತು. ಮೇಷ್ಟ್ರು ಅಪ್ಪನ ಹೆಗಲು ತಟ್ಟಿ, "ನಂಗೊತ್ತಿತ್ತು, ನಿನ್ನ ಮನಸ್ಸು ತಡೆಯಲ್ಲ ಅಂತ" ಎಂದರು. ಅಪ್ಪ ಆ ಕೈಯನ್ನು ಹೆಗಲಿಂದ ತೆಗೆದುಬಿಟ್ಟ.

ನಾಲ್ಕೂವರೆಗೆ ಜೀಪು ಬಂತು. ಎಂಜಿನಿಯರ್ ನೇರವಾಗಿ ಟೇಲರ್ ಅಕ್ಕನ ಬಳಿ ಹೋಗಿ ಒಂದು ಫಾರಮ್ಮು ಚಾಚಿದ. "ನಿಮ್ಮ ದೂರು ತೀರಿದೆ, ಸಮಾಧಾನವಾಗಿದೆ ಅಂತ ಇಲ್ಲೊಂದು ಸಹಿ ಹಾಕಮ್ಮಾ. ಐದಕ್ಕೆ ಪಟ್ಟಿ ಮುಗಿಯೋದ್ರೊಳಗೆ ಕಳಿಸ್ಬೇಕು."

ಅಕ್ಕ ತನ್ನ ಕೊಡವನ್ನು ನೋಡಿದಳು, ಅಪ್ಪನನ್ನು ನೋಡಿದಳು. ಅಪ್ಪನ ಕೈಬೆರಳಿಗೆಲ್ಲ ತಂತಿಗೆ ಬಳಿದ ವಾರ್ನಿಷ್ ಮೆತ್ತಿತ್ತು.

"ನಂಗೆ ಸಮಾಧಾನ ಆಗಿಲ್ಲ," ಎಂದಳು.

"ಏನಮ್ಮಾ, ನೀರು ಸುರೀತಿದೆಯಲ್ಲ ಎದುರಿಗೇ!"

"ಸುರಿಸಿದ್ದು ನೀವಲ್ಲ. ಇವರ ಮೇಲೆ ಬರ್ದಿದ್ದು ನನ್ನ ತಪ್ಪು. ಇವರ ಹೆಸರು ಹೊಡೆದು ನಿಮ್ಮ ಹೆಸರು ಹಾಕ್ಕೊಳ್ಳಿ."

"ಸಹಿ ಬೇಡ ಬಿಡಿ," ಅವನು ಪೆನ್ನು ತೆಗೆದ. "ಸ್ಥಳ ತನಿಖೆ ಮಾಡಿದೆ, ನೀರು ಬರ್ತಿದೆ ಅಂತ ನಾನೇ ಬರೀತೀನಿ."

ಅಪ್ಪ ಬಾವಿ ಪಕ್ಕದ ಸ್ಟಾರ್ಟರ್ ಪೆಟ್ಟಿಗೆಯ ಹತ್ತಿರ ಹೋದ. ಯಾವ ಅವಸರವೂ ಇರಲಿಲ್ಲ. ಕೆಂಪು ಗುಂಡಿ ಒತ್ತಿ, ಪೆಟ್ಟಿಗೆಯ ಬಾಗಿಲು ಮುಚ್ಚಿ, ಅದಕ್ಕೆ ಬೆನ್ನು ಕೊಟ್ಟು ನಿಂತ. ನಲ್ಲಿ ಎರಡು ಸಲ ಕೆಮ್ಮಿ ಸುಮ್ಮನಾಯಿತು.

"ಈಗ ನೋಡಿ ಬರೀರಿ ಸಾರ್," ಎಂದ.

ಸಾಲಿನಲ್ಲಿ ಗೊಣಗಾಟ ಎದ್ದಿತು. ಮತ್ತೆ ಅಪ್ಪನ ಮೇಲೆಯೇ ಬೀಳುತ್ತಾರೆ ಎಂದುಕೊಂಡೆ. ಅರ್ಧ ತುಂಬಿದ ಕೊಡವನ್ನು ಸೊಂಟಕ್ಕೇರಿಸಿಕೊಂಡು ಅಮ್ಮ ಮುಂದೆ ಬಂದಳು, ಎಂಜಿನಿಯರನ ಜೀಪಿಗೆ ಅಡ್ಡ ನಿಂತಳು.

"ನೀರಿಲ್ಲ ಅಂತ ಬೇಗ ಬರ್ಕೊಳ್ರಿ," ಎಂದಳು. "ಸೊಂಟ ನೋಯ್ತಿದೆ."