ಐದನೇ ಚುಕ್ಕಿ

"ಬೋರ್ಡ್ ಒರೆಸೋಕೂ ನಿನಗೆ ಪಿಎಚ್.ಡಿ. ಬೇಕೇನೇ? ಮೂಲೇಲಿ ನೋಡು, ಚಾಕ್ ಪುಡಿ ಹಾಗೇ ಇದೆ. ಥೂ, ಕತ್ತೆ!"

ಮಗಳ ಗೈಡು ಡಸ್ಟರನ್ನು ನನ್ನ ಕಾಲ ಬಳಿ ಎಸೆದ. ಮುಂದಿನ ಸಾಲಿನ ಕುರ್ಚಿ ಸರಿಪಡಿಸುತ್ತಿದ್ದ ನನ್ನ ಮಗಳು ತಲೆ ಎತ್ತಲಿಲ್ಲ. ಎತ್ತುವ ಹಾಗಿಲ್ಲ. ಇವನ ಕೈಕೆಳಗೆ ಸಂಶೋಧನೆಗೆ ಸೇರಿದ ಮೊದಲ ದಿನವೇ ಅವಳನ್ನು ಕರೆದು ಹೇಳಿದ್ದ: "ಡಿಪಾರ್ಟ್‌ಮೆಂಟಲ್ಲಿ ಅಮ್ಮ ಗಿಮ್ಮ ಅಂತ ಕರೀಬೇಡ. ಬಂದೋರು ಏನಂದ್ಕೋತಾರೆ?" ಈ ಗಣಿತ ವಿಭಾಗದ ಕಸ ಹೊಡೆಯುವವಳು ನಾನು, ಹನ್ನೆರಡು ವರ್ಷದಿಂದ. ಮಗಳು ಬಂದು ನಾಲ್ಕಾಯಿತು. ಕಾರಿಡಾರಿನಲ್ಲಿ ಎದುರಾದರೆ ಇಬ್ಬರೂ ಗೋಡೆ ನೋಡಿಕೊಂಡು ಹೋಗುತ್ತೇವೆ.

ಅವತ್ತು ಸೆಮಿನಾರು. ನೋಟೀಸನ್ನು ಬಾಗಿಲಿಗೆ ಅಂಟಿಸಿದವಳು ನಾನೇ. ಅಕ್ಷರ ಕೂಡಿಸಿ ಓದುವಷ್ಟು ನನಗೂ ಬರುತ್ತದೆ. ಮೂರು ಸಲ ಓದಿದೆ. ಗೈಡಿನ ಹೆಸರೊಂದೇ ಇತ್ತು. ಲೆಕ್ಕ ಮಾತ್ರ ನನ್ನ ಮಗಳದು. "ನೋಡಿ ಕೊಡ್ತೀನಿ" ಎಂದು ಆರು ತಿಂಗಳ ಹಿಂದೆ ಅವಳ ನೋಟ್‌ಬುಕ್ ಇಸಿದುಕೊಂಡವನು ವಾಪಸು ಕೊಡಲೇ ಇಲ್ಲ. ಕೇಳಿದ್ದಕ್ಕೆ, "ನನ್ನ ಸಹಿ ಇಲ್ದೆ ಡಿಗ್ರಿ ಹೇಗೆ ತಗೋತೀಯ ನೋಡೋಣ" ಅಂದನಂತೆ.

ಆದರೆ ಆ ನೋಟ್‌ಬುಕ್ಕಿನಲ್ಲಿ ಒಂದು ತಪ್ಪಿತ್ತು. ಅದನ್ನು ಸರಿಮಾಡಲು ಮಗಳು ನಮ್ಮ ಅಡುಗೆಮನೆ ನೆಲದ ಮೇಲೆ ಏಳು ಚುಕ್ಕಿ ಇಟ್ಟು, ಗೆರೆ ಎಳೆದು, ಅಳಿಸಿ, ಮತ್ತೆ ಎಳೆದು ತಿಂಗಳುಗಟ್ಟಲೆ ಕೂತಿದ್ದಳು. ಚುಕ್ಕಿ ತುಳಿಯದಂತೆ ನಾನು ಗೋಡೆಗೆ ಒತ್ತಿಕೊಂಡು ಒಲೆಗೆ ಹೋಗುತ್ತಿದ್ದೆ. ಒಂದು ಭಾನುವಾರ ಕಿರುಚಿಕೊಂಡು ಎದ್ದು ನನ್ನ ಕುತ್ತಿಗೆಗೆ ಜೋತುಬಿದ್ದಳು.

"ಸಿಕ್ತಮ್ಮ! ಯಾವ ಗೆರೆ ಕಡಿದ್ರೂ ಎಲ್ಲಾ ಚುಕ್ಕಿಗೂ ದಾರಿ ಉಳೀಬೇಕು. ಐದನೇದಕ್ಕೆ ಉಳೀತಿರ್ಲಿಲ್ಲ. ಐದರಿಂದ ಹೀಗೆ ಸುತ್ತು ಹಾಕಿ ಒಂದಕ್ಕೇ ಬಂದ್ರೆ ಮುಗೀತು, ಬೇರೆ ಚುಕ್ಕಿಗೆ ಬಂದ್ರೆ ಮತ್ತೆ ತಪ್ಪೇ, ನೋಡು!"

"ಅವನಿಗೆ ಹೇಳ್ತೀಯೇನೇ?"

"ಯಾಕೆ ಹೇಳ್ಲಿ? ಕದ್ದಿದ್ರಲ್ಲೇ ಸಾಯ್ಲಿ."

ಮಧ್ಯಾಹ್ನ ಹಾಲ್ ತುಂಬಿತು. ಬೇರೆ ವಿಶ್ವವಿದ್ಯಾಲಯದಿಂದ ಬಿಳಿ ತಲೆಯ ಪ್ರೊಫೆಸರಮ್ಮ ಬಂದಿದ್ದರು. ಟೀ ಹಂಚಿ ನಾನು ಬಾಗಿಲ ಬಳಿ ಟ್ರೇ ಹಿಡಿದು ನಿಂತೆ. ಗೈಡು ಚುಕ್ಕಿ ಇಟ್ಟ, ಗೆರೆ ಎಳೆದ. "ನಾನು ಕಂಡುಕೊಂಡದ್ದು", "ನನಗೆ ಹೊಳೆದದ್ದು" ಎಂದು ಮುಕ್ಕಾಲು ಗಂಟೆ ಬಡಾಯಿ ಕೊಚ್ಚಿದ. ಮುಗಿಸುವಷ್ಟರಲ್ಲಿ ಪ್ರೊಫೆಸರಮ್ಮ ಕೈ ಎತ್ತಿದರು.

"ಐದನೇ ಬಿಂದುವಿನಿಂದ ಹೊರಗೆ ದಾರಿ ಎಲ್ಲಿದೆ?"

ಗೈಡು ಬೋರ್ಡು ನೋಡಿದ. ಕನ್ನಡಕ ತೆಗೆದು ಒರೆಸಿದ. ಮತ್ತೆ ಬೋರ್ಡು ನೋಡಿದ. ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಹೇಳು ಮಗನೆ, ಈಗ ಹೇಳು.

"ಓ, ಇದಾ? ಇದು ನಮ್ಮ ಸ್ಟೂಡೆಂಟ್ ಮಾಡಿದ ಭಾಗ." ಮಗಳತ್ತ ಬೆರಳು ತೋರಿಸಿದ. "ಏನ್ಮಾಡೋದು ಮೇಡಂ, ಇಂಥ ಮನೆಯಿಂದ ಬಂದೋರನ್ನ ತಿದ್ದೋದ್ರಲ್ಲೇ ನಮ್ಮ ಆಯಸ್ಸು ಹೋಗುತ್ತೆ. ಅಗೋ, ಅಲ್ಲಿ ನಿಂತಿದಾಳಲ್ಲ, ಇವಳಮ್ಮ. ಅವಳು ಮೂಲೇಲಿ ಕಸ ಬಿಡ್ತಾಳೆ, ಇವಳು ಲೆಕ್ಕದಲ್ಲಿ ಬಿಡ್ತಾಳೆ."

ಹಾಲ್ ನಕ್ಕಿತು. ಮಗಳು ಬಾಯಿ ಬಿಡದೆ ಕೂತಿದ್ದರೆ ತಪ್ಪು ಹಾಗೇ ಉಳಿದು ಅವನ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಅಷ್ಟು ನನಗೂ ಗೊತ್ತಿತ್ತು. ಆದರೆ ನಾಲಿಗೆ ಹಿಡಿತದಲ್ಲಿರಲಿಲ್ಲ.

"ಯಾವನೋ ಬೋಳಿಮಗ ಅವಳಿಗೆ ಬರಲ್ಲ ಅಂದೋನು? ಅದನ್ನ ಆಗ್ಲೇ ಸರಿ ಮಾಡಿದಾಳೆ ನನ್ ಮಗಳು! ನಮ್ಮನೆ ನೆಲದ ಮೇಲೆ ಕಣ್ಣಾರೆ ನೋಡಿದೀನಿ!"

ಮಗಳು ತಿರುಗಿ ನನ್ನನ್ನು ನೋಡಿದಳು. ಅಯ್ಯೋ, ನನ್ನ ಬಾಯಿಗೆ ಬೆಂಕಿ ಹಾಕ. ಏನು ಮಾಡಿಬಿಟ್ಟೆ?

ಗೈಡಿನ ಮುಖಕ್ಕೆ ಜೀವ ಬಂತು. ಬೈಗುಳ ಕೇಳಿಸಲೇ ಇಲ್ಲವೆಂಬಂತೆ ಚಾಕ್‌ಪೀಸು ಚಾಚಿದ. "ನಾನು ಹೇಳಿಕೊಟ್ಟಿದ್ನಲ್ಲ, ಅದೇ ತಾನೇ? ಬಾ, ಬರಿ. ನನ್ನ ಸಹಿ ಬೇಕಲ್ಲ ನಿನಗೆ?"

ಅವಳು ಎದ್ದಳು. ಅರ್ಧ ಬೋರ್ಡಿನ ತುಂಬ ಚಿಹ್ನೆ ಬರೆದಳು. ಕೊನೆಗೆ ಏಳು ಚುಕ್ಕಿ ಇಟ್ಟಳು. ಐದರಿಂದ ಹೊರಟ ಗೆರೆ ಸುತ್ತು ಹಾಕಿಕೊಂಡು ಬಂದು ಎರಡಕ್ಕೆ ನಿಂತಿತು.

ಒಂದಕ್ಕಲ್ಲ, ಎರಡಕ್ಕೆ. ನಾನು ಮತ್ತೆ ಎಣಿಸಿದೆ. ತಿಂಗಳುಗಟ್ಟಲೆ ತುಳಿಯದೆ ನಡೆದ ಚುಕ್ಕಿಗಳು, ನನಗೆ ತಪ್ಪುತ್ತದೆಯೇ? ಮಗಳು ಚಾಕ್‌ಪೀಸು ಇಟ್ಟು ನೇರ ನನ್ನ ಕಡೆ ನೋಡಿದಳು. ಈ ಸಲ ನಾನು ತುಟಿ ಕಚ್ಚಿಕೊಂಡೆ.

"ಸರಿ ಇರೋ ಹಾಗೆ ಕಾಣುತ್ತೆ," ಪ್ರೊಫೆಸರಮ್ಮ ನಿಧಾನವಾಗಿ ಅಂದರು. "ಕೂತು ನೋಡಬೇಕು."

ಚಪ್ಪಾಳೆ ಬಿತ್ತು. ಗೈಡು ತಲೆಬಾಗಿ ಸ್ವೀಕರಿಸಿದ.

ಎಲ್ಲರೂ ಹೋದ ಮೇಲೆ ಗೈಡು ಮೊಬೈಲಿನಲ್ಲಿ ಬೋರ್ಡಿನ ಫೋಟೋ ತೆಗೆದುಕೊಂಡು, ಕೆಳಗೆ ದಪ್ಪಕ್ಷರದಲ್ಲಿ 'ಅಳಿಸಬೇಡಿ' ಎಂದು ಬರೆದ. "ನಾಳೆಯಿಂದ ನಿನಗೆ ಇಲ್ಲಿ ಕೆಲಸ ಇಲ್ಲ. ಹಾಲ್ ಗುಡಿಸಿ ತೊಲಗು. ಈ ಲೆಕ್ಕ ಮುಟ್ಟಿದ್ರೆ ಚರ್ಮ ಸುಲೀತೀನಿ," ಅಂದು ಹೋದ.

ಮಗಳು ಕಪ್ಪುಗಳನ್ನು ಒಂದರೊಳಗೊಂದು ಜೋಡಿಸುತ್ತಿದ್ದಳು.

"ಇದು ಅಚ್ಚಾಗಿ, ಆಮೇಲೆ ಯಾರಾದ್ರೂ ತಪ್ಪು ಹಿಡಿದ್ರೆ?" ಕೇಳಿದೆ.

"ನನ್ನ ತಲೆಗೇ ಕಟ್ತಾನೆ. ಆದ್ರೆ ಅಚ್ಚಲ್ಲಿರೋದು ಅವನ ಹೆಸರೊಂದೇ, ಅಮ್ಮ."

ಆ ಕಟ್ಟಡದೊಳಗೆ ಅವಳು ನನ್ನನ್ನು ಅಮ್ಮ ಅಂದದ್ದು ಅದೇ ಮೊದಲು. ನಾನು ಒರೆಸೋ ಬಟ್ಟೆ ಒದ್ದೆ ಮಾಡಿಕೊಂಡು, ಬೋರ್ಡಿನ ಮೂಲೆಯಲ್ಲಿ ಬೆಳಿಗ್ಗೆ ಉಳಿದಿದ್ದ ಚಾಕ್ ಪುಡಿಯನ್ನಷ್ಟೇ ಒರೆಸಿದೆ. ಮಿಕ್ಕಿದ್ದನ್ನು ಮುಟ್ಟಲಿಲ್ಲ.