ಚೊಕ್ಕ ಬದಿಯ ಬಾಗಿಲು

"ಏಯ್, ಕಾಲು ತೆಗಿಯೇ! ಕಾಲು ತೆಗಿ ಅಂದ್ರೆ! ಕಣ್ಣು ತಲೆ ಹಿಂದೆ ಇದೆಯಾ ನಿಂಗೆ?"

ಗೋಡೆಯ ಸ್ಪೀಕರ್ ಕಿರುಚಿದ್ದಕ್ಕೆ ವರ್ಲೀನ್ ಮಲ್ಲಿನ್ಸ್ ಬಗ್ಗಿ ತನ್ನ ಕಾಲು ನೋಡಿಕೊಂಡಳು. ರಬ್ಬರ್ ಬೂಟಿನ ತುದಿ ನೆಲದ ಕೆಂಪು ಗೆರೆಯನ್ನು ಹೆಬ್ಬೆರಳಿನಷ್ಟು ದಾಟಿತ್ತು. ದಪ್ಪ ಗಾಜಿನ ಆಚೆ, ಚೊಕ್ಕ ಬದಿಯಲ್ಲಿ, ಮೇಲ್ವಿಚಾರಕ ಕ್ರೇಗ್ ಹ್ಯಾನ್ಲಿ ಮೈಕಿನ ಗುಂಡಿ ಒತ್ತಿಕೊಂಡು ನಿಂತಿದ್ದ. ವಯಸ್ಸಿನಲ್ಲಿ ವರ್ಲೀನಳ ಮಗನಂತಿದ್ದ.

"ನಿನ್ನ ಬೂಟಿನ ಹೊಲಸು ಈ ಕಡೆ ಬಂದ್ರೆ ರೋಗ ತಗಲಿ ಒಂದು ಇಲೀನೂ ಉಳಿಯಲ್ಲ. ನಿನ್ನ ಜೀವಮಾನದ ಸಂಬಳ ಸುರಿದ್ರೂ ಒಂದು ಕೋಣೆ ಇಲಿ ಬರಲ್ಲ, ತಿಳೀತಾ?"

"ತೆಗ್ದೆ ಬುಡಪ್ಪ," ಅಂದಳು ವರ್ಲೀನ್. ಮೈಕಿನ ಕೆಂಪು ದೀಪ ಆರಿದ ಮೇಲೆ, "ಇವ್ನ ಬಾಯಿಗೆ ಹುಳ ಬೀಳ," ಅಂದಳು.

"ಅವ್ನ ಬಾಯಿಗ್ಯಾಕೆ ಸಿಗ್ತೀಯಮ್ಮಿ," ಅಂದ ಪಕ್ಕದಲ್ಲಿ ಪಂಜರ ಕೆರೆಯುತ್ತಿದ್ದ ಒಡೆಲ್ ಪ್ರೂಯಿಟ್. "ಬಡ್ಡಿಮಗ, ಇಲಿಗೇ ಹುಟ್ಟಿದೋನಂಗೆ ಆಡ್ತಾನೆ." ನಗಲು ಹೋದ; ನಗು ಅರ್ಧಕ್ಕೇ ಕೆಮ್ಮಾಯಿತು.

ಬೆಟ್ಟದ ಊರಿನ ಆ ವಿಶ್ವವಿದ್ಯಾಲಯದಲ್ಲಿ ವಿಜ್ಞಾನ ಶಾಲೆಯ ಇಲಿಗಳೆಲ್ಲ ನೆಲಮಾಳಿಗೆಯಲ್ಲಿದ್ದವು. ನೆಲಮಾಳಿಗೆ ಎರಡು ಪಾಲು. ನಡುವಿನ ಗೋಡೆಯಲ್ಲಿ ಕಾರು ಹಿಡಿಸುವಷ್ಟು ದೊಡ್ಡ ತೊಳೆಯುವ ಯಂತ್ರ. ಹೊಲಸು ಪಂಜರ ಈ ಬಾಗಿಲಲ್ಲಿ ಒಳಗೆ ಹೋಗಿ, ಕುದಿನೀರಲ್ಲಿ ಬೆಂದು, ಆ ಬಾಗಿಲಲ್ಲಿ ಹೊರಗೆ ಬರುತ್ತಿತ್ತು. ಈ ಕಡೆಯದು ಕೊಳಕು ಬದಿ, ಆ ಕಡೆಯದು ಚೊಕ್ಕ ಬದಿ. ಕಾಗದಪತ್ರಗಳಲ್ಲೂ ಹಾಗೇ ಬರೆಯುತ್ತಿದ್ದರು, ಜನರನ್ನೂ ಹಾಗೇ ಕರೆಯುತ್ತಿದ್ದರು. ಪಂಜರ ತೊಳೆದರೆ ಆಚೆ ಹೋಗಬಹುದಿತ್ತು. ಒಡೆಲ್, ವರ್ಲೀನ್ ಎಷ್ಟು ತೊಳೆದುಕೊಂಡರೂ ಹೋಗುವಂತಿರಲಿಲ್ಲ.

ಕೆಲಸ ಹೇಳಿಕೊಳ್ಳುವಂಥದ್ದೇನಲ್ಲ. ಪಂಜರ ಎಳೆಯಬೇಕು, ಬೋರಲು ಹಾಕಬೇಕು, ಇಲಿಯ ಉಚ್ಚೆ ಕುಡಿದು ಗಟ್ಟಿಯಾದ ಮರದ ಹೊಟ್ಟನ್ನು ಕೆರೆದು ತೊಟ್ಟಿಗೆ ಸುರಿಯಬೇಕು. ಸುರಿದಾಗ ಏಳುವ ಧೂಳು ಎಳೆದುಕೊಳ್ಳಲು ತೊಟ್ಟಿಯ ಮೇಲೊಂದು ದೊಡ್ಡ ಫ್ಯಾನಿತ್ತು. ಅದು ಸತ್ತು ಎಷ್ಟೋ ಕಾಲವಾಗಿತ್ತು. 'ದುರಸ್ತಿ ಮುಂದಿನ ಬಜೆಟ್ಟಿಗೆ' ಎಂಬ ಚೀಟಿ ಅಂಟಿಸಿದ್ದರು. ಚೀಟಿಯ ಮೇಲೂ ಧೂಳು ಕೂತಿತ್ತು. ತಲೆಗೆ ಹಾಕುವ, ಸೋಸಿದ ಗಾಳಿ ಊದುವ ಟೊಪ್ಪಿಗೆಗಳನ್ನು ಖರ್ಚು ಜಾಸ್ತಿಯೆಂದು ವಾಪಸು ತೆಗೆದುಕೊಂಡು, ವಾರಕ್ಕೊಂದರಂತೆ ಕಾಗದದ ಮುಖವಾಡ ಕೊಟ್ಟಿದ್ದರು. ಸಂಜೆ ಹೋಗುವಾಗ ಮುಖವಾಡದ ಮೇಲೆ ಹೆಸರು ಬರೆದು ಮೊಳೆಗೆ ನೇತುಹಾಕಿ ಹೋಗಬೇಕು. ಶುಕ್ರವಾರದ ಹೊತ್ತಿಗೆ ಅದು ಮೂಗಿನ ಹತ್ತಿರ ಚಹಾ ಸೋಸಿದ ಬಟ್ಟೆಯ ಬಣ್ಣಕ್ಕೆ ತಿರುಗುತ್ತಿತ್ತು.

ಮೊದಲು ಈ ಕಡೆ ಆರು ಜನರಿದ್ದರು. ಹೊಸ ನೇಮಕಾತಿಗೆ ತಡೆ ಬಿತ್ತು. ಬಿಟ್ಟು ಹೋದವರ ಜಾಗಕ್ಕೆ ಯಾರೂ ಬರಲಿಲ್ಲ, ಇಲಿಗಳು ಮಾತ್ರ ಬರುತ್ತಲೇ ಇದ್ದವು. ಡೀನ್ ವಿಟ್ಲೋ ಸಾಹೇಬರು ಮೇಲಿನ ಹಜಾರದಲ್ಲಿ 'ಇದ್ದುದರಲ್ಲೇ ಇಮ್ಮಡಿ ಸಂಶೋಧನೆ' ಅಂತ ಬ್ಯಾನರ್ ಕಟ್ಟಿಸಿದ್ದರು. ಇಡೀ ರಾಜ್ಯದಲ್ಲಿ ಇಲಿ ಸಾಕುವುದು ನಮ್ಮಲ್ಲೇ ಅಗ್ಗ ಎಂದು ಹೇಳಿ ದೂರದೂರದ ಪ್ರೊಫೆಸರುಗಳನ್ನು ಸೆಳೆದು ತರುತ್ತಿದ್ದರು. ಅದು ಹೇಗೆ ಅಗ್ಗವಾಯಿತೆಂದು ಯಾವ ಪ್ರೊಫೆಸರೂ ಕೇಳಲಿಲ್ಲ. ಇಬ್ಬರು ಆರು ಜನರ ಕೆಲಸ ಮಾಡುತ್ತಿದ್ದರು.

ಇಲಿಯ ಧೂಳಿಗೆ ಮೊದಲು ಮೂಗು ಸೋರುತ್ತದೆ, ಆಮೇಲೆ ಕಣ್ಣು ಉರಿಯುತ್ತದೆ, ಆಮೇಲೆ ಎದೆ ಹಿಡಿಯುತ್ತದೆ. ಕೊಳಕು ಬದಿಯವರಿಗೆಲ್ಲ ಇದು ಗೊತ್ತಿದ್ದ ಸಂಗತಿ. ವರ್ಷಕ್ಕೊಮ್ಮೆ ನರ್ಸು ಬಂದು ಒಂದು ಕೊಳವೆ ಕೊಟ್ಟು ಊದಿಸುತ್ತಿದ್ದಳು. ಉಸಿರು ಸಾಲದವರನ್ನು 'ಪ್ರಾಣಿಗಳ ಕೆಲಸಕ್ಕೆ ಯೋಗ್ಯರಲ್ಲ' ಎಂದು ಮನೆಗೆ ಕಳಿಸುತ್ತಿದ್ದರು. ಬೇರೆ ಕೆಲಸ ಕೊಡಿ ಅಂದರೆ, ನೇಮಕಾತಿಗೆ ತಡೆಯಿದೆಯಲ್ಲ! ಅವರ ಜೊತೆಗಿದ್ದ ಟ್ಯಾಮಿ ರ್‍ಯಾಟ್ಲಿಫ್ ಹಾಗೇ ಹೋದಳು. ಆಮೇಲಿಂದ ಉಳಿದವರು ಒಂದು ಪದ್ಧತಿ ಮಾಡಿಕೊಂಡಿದ್ದರು. ಪರೀಕ್ಷೆಯ ಬೆಳಿಗ್ಗೆ ವರ್ಲೀನಳ ಹಳೆಯ ಪಿಕಪ್ಪಿನಲ್ಲಿ ಕೂತು, ಅವಳ ಮಗಳ ಇನ್ಹೇಲರನ್ನು ಒಬ್ಬರಾದ ಮೇಲೊಬ್ಬರು ಎಳೆದುಕೊಂಡು, ಎದೆ ಸಡಿಲವಾದ ಮೇಲೆ ಒಳಗೆ ಹೋಗಿ ಊದುವುದು.

ಈ ವಸಂತದಲ್ಲೂ ಹಾಗೇ ಮಾಡಿದರು. ಇನ್ಹೇಲರ್ ಕೈಯಲ್ಲಿ ಹಿಡಿದು ಒಡೆಲ್ ಹಿಂದೆ ಮುಂದೆ ನೋಡಿದ್ದ.

"ಈ ಸಲ ನಿಜವಾಗ್ಲೂ ಆಯ್ತಾ ಇಲ್ಲ ಕಣಮ್ಮಿ. ಮೆಟ್ಲು ಹತ್ತಕಾಗಕಿಲ್ಲ. ಹೇಳ್ಬುಡ್ಲಾ?"

"ಹೇಳು. ಹೇಳಿ ಮನೇಲಿ ಕುಂತ್ಕೋ. ನಿನ್ ಹೆಂಡ್ತಿ ಎಸ್ಟರಕ್ಕನ ಡಯಾಲಿಸಿಸ್‌ಗೆ ನಿಮ್ ತಾತ ಬಂದು ಕಟ್ತಾನಾ? ಕೆಲ್ಸ ಹೋದ್ರೆ ವಿಮೇನೂ ಹೋಯ್ತದೆ ಒಡೆಲಣ್ಣ. ಸುಮ್ಕೆ ಎಳ್ಕೋ."

ಒಡೆಲ್ ಎಳೆದುಕೊಂಡ. ಪರೀಕ್ಷೆಯಲ್ಲಿ ಪಾಸಾದ.

ವರ್ಲೀನಳ ಅಪ್ಪ ಗಣಿಯಲ್ಲಿ ದುಡಿದವನು. ಕಲ್ಲಿದ್ದಲ ಧೂಳು ಅಳೆಯಲು ಸೊಂಟಕ್ಕೆ ಕಟ್ಟುತ್ತಿದ್ದ ಯಂತ್ರವನ್ನು, ಮೇಸ್ತ್ರಿ ಕಣ್ಣು ಮಿಟುಕಿಸಿದ್ದಕ್ಕೆ, ಊಟದ ಡಬ್ಬಿಯೊಳಗೆ ಮುಚ್ಚಿಟ್ಟು ಕೆಲಸ ಮಾಡಿದ್ದ. ಯಂತ್ರದ ಪ್ರಕಾರ ಗಣಿಯ ಗಾಳಿ ಚರ್ಚಿನ ಗಾಳಿಯಷ್ಟು ಶುದ್ಧವಾಗಿತ್ತು. ಕೊನೆಗೆ ಮಲಗಿದರೆ ಉಸಿರು ನಿಲ್ಲುತ್ತದೆಂದು ಕುರ್ಚಿಯಲ್ಲಿ ಕೂತೇ ಸತ್ತ. 'ನಿನ್ ಎದೆ ನೀನೇ ಮಾರ್ಕಂಡ್ಯಲ್ಲಪ್ಪ' ಎಂದು ಬೈದು ಅತ್ತಿದ್ದಳು ಅವಳು. ತಾನು ಅಂಥ ಪೆದ್ದುತನ ಮಾಡುವುದಿಲ್ಲ ಎಂದುಕೊಂಡೇ ಬೆಟ್ಟದ ಮೇಲೆ, ಬಿಳಿ ಕಟ್ಟಡದಲ್ಲಿ, ವಿಜ್ಞಾನದ ಕೆಲಸಕ್ಕೆ ಸೇರಿದ್ದಳು.

ಬೇಸಿಗೆಯಲ್ಲಿ ಶಾಲೆಗೊಂದು ಭಾರಿ ಅನುದಾನ ಬಂತು. ಮೇಲೆ ಸಂತೋಷಕೂಟ ನಡೆಯಿತು. ಅದು ಮುಗಿದ ಮೇಲೆ ಡೀನ್ ಸಾಹೇಬರು ತಾವೇ ಕೆಳಗೆ ಬಂದರು. ಗಾಜಿನ ಆಚೆ ನಿಂತು ಇಬ್ಬರಿಗೂ ಕೈ ಬೀಸಿದರು. ಕ್ರೇಗ್ ಗೋಡೆಯ ಕಿಂಡಿಯಲ್ಲಿ ಒಂದು ಡಬ್ಬ ಇಟ್ಟು, ಆ ಕಡೆಯ ಮುಚ್ಚಳ ಹಾಕಿ, ಗುಂಡಿ ಒತ್ತಿ ಈ ಕಡೆಯದನ್ನು ತೆರೆದ. ಒಳಗೆ ಉಳಿದ ಕೇಕಿನ ಮೂಲೆಯಿತ್ತು, ಅದರ ಮೇಲೆ 'ಅಭಿನಂ' ಅನ್ನುವಷ್ಟು ಅಕ್ಷರ ಉಳಿದಿತ್ತು.

"ನೀವಿಬ್ಬರೂ ನಮ್ಮ ಶಾಲೆಯ ಬೆನ್ನೆಲುಬು," ಅಂದರು ಸಾಹೇಬರು ಸ್ಪೀಕರಿನಲ್ಲಿ. "ನಾವೆಲ್ಲ ಒಂದೇ ಕುಟುಂಬ."

"ಸಾಹೇಬ್ರೇ," ಅಂದಳು ವರ್ಲೀನ್, "ಆ ಫ್ಯಾನೊಂದು ಸರಿ ಮಾಡ್ಸಿ. ಒಡೆಲಣ್ಣಂಗೆ ಉಸ್ರೇ ಆಡಕಿಲ್ಲ."

"ಖಂಡಿತ, ಮುಂದಿನ ವರ್ಷ. ನಿಮಗೆ ಗೊತ್ತಾ, ನನ್ನ ಆಫೀಸಿನ ಕಾಫಿ ಮೆಷಿನ್ನೂ ತೆಗೆಸಿಬಿಟ್ಟಿದೀನಿ. ಎಲ್ಲರೂ ಹೊಟ್ಟೆ ಕಟ್ಟಬೇಕಾದ ಕಾಲ."

"ಅನುದಾನ ಬಂತಲ್ರಾ?"

"ಅದು ಸಂಶೋಧನೆಗೆ. ಫ್ಯಾನಿಗೆ ಬಳಸೋ ಹಾಗಿಲ್ಲ."

"ಹಂಗಾರೆ ಅವ್ರನ್ನಾದ್ರೂ ಆ ಕಡೀಕೆ ಹಾಕಿ. ಚೊಕ್ಕ ಪಂಜರ ಜೋಡ್ಸೋ ಕೆಲ್ಸ ಮಾಡ್ಕತಾರೆ."

"ಈ ಕಡೆ ವಿದ್ಯಾರ್ಥಿಗಳು ಮಾಡ್ತಾರೆ, ಅನುಭವಕ್ಕೆ ಅಂತ," ಅಂದ ಕ್ರೇಗ್. "ಕೊಳಕು ಬದಿಯವರನ್ನ ಇಲ್ಲಿಗೆ ಬಿಡೋದುಂಟಾ ಸರ್?"

ಸಾಹೇಬರ ಹುಬ್ಬು ಸ್ವಲ್ಪ ಗಂಟಾಯಿತು. "ಇವರ ಉಸಿರಿನ ಪರೀಕ್ಷೆ ಆಗಿದೆ ತಾನೆ?"

"ಆಗಿದೆ ಸರ್. ಇಬ್ಬರದೂ ಕುದುರೆ ತರ ಇದೆ."

"ಮತ್ತಿನ್ನೇನು!" ಸಾಹೇಬರ ಮುಖ ಅರಳಿತು. ಇನ್ನೊಮ್ಮೆ ಕೈ ಬೀಸಿ ಹೋದರು.

ವರ್ಲೀನ್ ಕಿಂಡಿಯ ಡಬ್ಬವನ್ನು ಕೈಗೆತ್ತಿಕೊಂಡಳು. ಏನು ಹೇಳುವುದು? ಕದ್ದು ಔಷಧಿ ಎಳೆದು ಊದಿದೆವು ಎಂದೇ? ಹಾಗೆಂದರೆ ಇವತ್ತೇ ಇಬ್ಬರಿಗೂ ಗೇಟ್‌ಪಾಸ್. ಒಡೆಲ್ ಅವಳತ್ತ ನೋಡಲಿಲ್ಲ. ಅದೇ ಅವಳಿಗೆ ಹೆಚ್ಚು ಚುಚ್ಚಿತು. ಕೊಳಕು ಬದಿಯಲ್ಲಿ ಏನನ್ನೂ ತಿನ್ನುವಂತಿಲ್ಲ ಎಂಬ ಬೋರ್ಡು ಕಿಂಡಿಯ ಮೇಲೇ ಇತ್ತು. ಅವಳು ಕೇಕನ್ನು ಡಬ್ಬದ ಸಮೇತ ಹೊಟ್ಟಿನ ತೊಟ್ಟಿಗೆ ಎಸೆದಳು.

"ಎಸ್ಟರ್‌ಗೆ ಒಯ್ಬೋದಿತ್ತು," ಅಂದ ಒಡೆಲ್ ಮೆಲ್ಲಗೆ.

ಅಕ್ಟೋಬರಿನಲ್ಲಿ ಹೊಸ ಕೋಣೆಗಳು ಸಿದ್ಧವಾದವು. ದುಡ್ಡು ಕೊಡುವ ಸಂಸ್ಥೆಯವರು ನೋಡಲು ಬರುವವರಿದ್ದರು. ಅವತ್ತು ಬೆಳಿಗ್ಗೆ ಬಂದ ಕೂಡಲೇ ಕ್ರೇಗ್ ಸ್ಪೀಕರಿನಲ್ಲಿ, "ಹನ್ನೆರಡರ ಒಳಗೆ ಅಷ್ಟೂ ಪಂಜರ ಖಾಲಿ ಆಗ್ಬೇಕು. ಒಂದು ಚೂರು ವಾಸನೆ ಬಂದ್ರೆ ನಿಮ್ಮ ಚರ್ಮ ಸುಲೀತೀನಿ," ಅಂದ. ಸಾಲುಸಾಲಾಗಿ ಗಾಡಿಗಳು ಬಂದು ನಿಂತವು. ಇಬ್ಬರೂ ಕೆರೆದರು, ಸುರಿದರು, ಮತ್ತೆ ಕೆರೆದರು. ಧೂಳು ದೀಪಗಳ ಸುತ್ತ ಹೊಗೆಯ ಹಾಗೆ ನಿಂತುಬಿಟ್ಟಿತು.

ಒಡೆಲ್ ಒಂದು ಪಂಜರ ಎತ್ತಿದವನು ಅದನ್ನು ಹಾಗೇ ಎದೆಗೆ ಅವುಚಿಕೊಂಡು ಕುಕ್ಕರಿಸಿದ.

"ಏನಾಯ್ತಣ್ಣ?"

ಅವನು ಬಾಯಿ ತೆರೆದ. ಒಳಗೆ ಗಾಳಿ ಹೋಗಲಿಲ್ಲ, ಮಾತು ಹೊರಗೆ ಬರಲಿಲ್ಲ. ಗಂಟಲಲ್ಲಿ ಕೊಕ್ಕೆ ಸಿಕ್ಕವನಂತೆ ಕುತ್ತಿಗೆ ಮುಂದಕ್ಕೆ ಚಾಚಿದ. ವರ್ಲೀನ್ ಅವನ ಮುಖವಾಡ ಕಿತ್ತೆಸೆದಳು. ತುಟಿ ನೀಲಿಯಾಗಿತ್ತು. ಇನ್ಹೇಲರ್ ಪಿಕಪ್ಪಿನಲ್ಲಿತ್ತು, ಅದೂ ಖಾಲಿ. ಅವಳು ಗಾಜಿಗೆ ಗುದ್ದಿದಳು.

"ಕ್ರೇಗ್! ಏ ಕ್ರೇಗ್! ಬಾಗ್ಲು ತೆಗಿ! ಒಡೆಲಣ್ಣ ಬಿದ್ದೋದ!"

ಕ್ರೇಗ್ ಓಡಿ ಬಂದು ಮೈಕು ಒತ್ತಿದ. "ಆಂಬುಲೆನ್ಸ್‌ಗೆ ಫೋನ್ ಮಾಡ್ತೀನಿ. ಹಿಂದಿನ ಲಿಫ್ಟಲ್ಲಿ ಮೇಲಕ್ಕೆ ಕರ್ಕೊಂಡು ಹೋಗು."

"ಹಿಂದಿನ ಲಿಫ್ಟ್ ಕೆಟ್ಟು ವಾರಾಯ್ತಲ್ಲೋ!"

"ಮೆಟ್ಟಿಲು..."

"ನಿಮ್ಮಪ್ಪ ಹೊತ್ಕೊಂಡ್ ಹತ್ತಾನಾ ಇಂಥಾ ಆಳ್ನ? ತೆಗಿಯೋ ಈ ಬಾಗ್ಲ! ಮುಂದಿನ ಲಿಫ್ಟು ಅಲ್ಲೇ ಐತೆ!"

ಕ್ರೇಗ್ ಒಮ್ಮೆ ಹಿಂದಕ್ಕೆ ತಿರುಗಿ ನೋಡಿದ. ಅವನ ಹಿಂದಿನ ಬಿಳಿ ಓಣಿಯಲ್ಲಿ ಡೀನ್ ಸಾಹೇಬರೂ ಅತಿಥಿಗಳೂ ಬಿಳಿ ನಿಲುವಂಗಿ ತೊಟ್ಟು ಹೊಸ ಕೋಣೆಯ ಮುಂದೆ ನಿಂತಿದ್ದರು. ಅವನು ಮೈಕಿಗೆ ಬಾಯಿ ಹತ್ತಿರ ತಂದ. "ಈ ಕಡೆಯಿಂದ ಆಗಲ್ಲ ವರ್ಲೀನ್. ಪ್ಲೀಸ್. ಅಷ್ಟೂ ಇಲಿ ಕೊಲ್ಲಬೇಕಾಗುತ್ತೆ. ಅವರು ಹಿಂದಿನಿಂದ ಬರ್ತಾರೆ, ಸ್ವಲ್ಪ ತಡಕೋ."

"ತಡಕೋ ಅಂತ ಅವ್ನಿಗೆ ಹೇಳು!"

ಮೈಕಿನ ದೀಪ ಆರಿತು.

ವರ್ಲೀನ್ ಗಾಡಿಯೊಂದರ ಪಂಜರಗಳನ್ನೆಲ್ಲ ನೆಲಕ್ಕೆ ದೂಡಿದಳು. ಒಡೆಲ್‌ನ ಕಂಕುಳಿಗೆ ಕೈ ಕೊಟ್ಟು ಎಳೆದಳು. ಹೊಟ್ಟಿನ ಮೇಲೆ ಮೊಣಕಾಲು ಜಾರಿತು, ಮತ್ತೆ ಎಳೆದಳು. ತಾನು ಹೇಗೆ ಅವನನ್ನು ಗಾಡಿಗೆ ಹಾಕಿದೆನೆಂದು ಅವಳಿಗೇ ತಿಳಿಯಲಿಲ್ಲ. ಚೊಕ್ಕ ಬದಿಗೆ ತೆರೆಯುವ ತುರ್ತು ಬಾಗಿಲಿಗೆ ಅಡ್ಡ ಒಂದು ಕೆಂಪು ಸರಳಿತ್ತು, ಅದರ ಮೇಲೆ 'ಬೆಂಕಿ ಬಿದ್ದಾಗ ಮಾತ್ರ' ಎಂದು ಬರೆದಿತ್ತು.

"ಬಿದ್ದೈತೆ," ಅಂದು ಗಾಡಿಯನ್ನು ಸರಳಿಗೆ ಗುದ್ದಿಸಿದಳು.

ಗಂಟೆ ಅರಚಿಕೊಂಡಿತು. ಬಾಗಿಲು ತೆರೆದ ಕೂಡಲೇ ಆ ಕಡೆಯ ಗಾಳಿ ಅವಳ ಮುಖಕ್ಕೆ ಹೊಡೆಯಿತು. ತಣ್ಣಗೆ, ಏನೂ ವಾಸನೆಯಿಲ್ಲದ ಗಾಳಿ. ಇಷ್ಟು ವರ್ಷ ಒಂದು ಗೋಡೆಯ ಆಚೆ ಇಂಥ ಗಾಳಿಯಿತ್ತು! ಅದು ಇಲಿಗಳಿಗಾಗಿ ಸೋಸಿದ ಗಾಳಿ.

ಕ್ರೇಗ್ ಎರಡೂ ಕೈ ಅಗಲಿಸಿ ಅಡ್ಡ ನಿಂತ. ಅವಳು ಮುಖವಾಡ ತೆಗೆದು ಅವನ ಮುಖಕ್ಕೇ ಕೆಮ್ಮಿದಳು. ಅವನು ಬೆಂಕಿ ತಾಕಿದವನ ಹಾಗೆ ಪಕ್ಕಕ್ಕೆ ಹಾರಿದ. ಬಿಳಿ ನೆಲದ ಮೇಲೆ ಗಾಡಿಯ ಚಕ್ರಗಳು ಎರಡು ಕಂದು ಗೆರೆ ಎಳೆದುಕೊಂಡು ಹೋದವು. ಒಡೆಲ್‌ನ ಅಂಗಿಯಿಂದ ಹೊಟ್ಟು ಉದುರುತ್ತಲೇ ಇತ್ತು. ಅತಿಥಿಗಳು ಗೋಡೆಗೆ ಬೆನ್ನು ಹಚ್ಚಿ ನಿಂತರು. ಒಬ್ಬ ಹೆಂಗಸು ನಿಲುವಂಗಿಯ ತುದಿ ಎತ್ತಿಕೊಂಡಳು.

"ಇಲಿಗಳು! ಕೋಣೆ ಬಾಗಿಲು ಹಾಕಿ! ಕೋಣೆ ಬಾಗಿಲು!" ಡೀನ್ ಸಾಹೇಬರು ಕೂಗಿದರು. ಆಮೇಲೆ ಗಾಡಿ ತಮ್ಮ ಮುಂದೆಯೇ ನಿಂತಾಗ, "ಏನಿದು? ಏನಮ್ಮಾ ಇದು? ಯಾರಿವರು?" ಅಂದರು.

"ಬೆನ್ನೆಲುಬು," ಅಂದಳು ವರ್ಲೀನ್. "ಲಿಫ್ಟಿನ ಕಾರ್ಡ್ ಕೊಡಿ."

"ನೀನು ಏನು ಮಾಡಿದೀಯ ಅಂತ ಗೊತ್ತಾ? ಎರಡು ವರ್ಷದ ಸಂಶೋಧನೆ..."

"ಕಾರ್ಡ್!"

ಸಾಹೇಬರು ಒಂದು ಹೆಜ್ಜೆ ಹಿಂದೆ ಇಟ್ಟರು. ಹಿಂದೆ ಗೋಡೆಯಿತ್ತು. ಉಚ್ಚೆ, ಹಿಕ್ಕೆ, ಹೊಟ್ಟು ಮೆತ್ತಿದ ಕೈಗವಸಿನ ಕೈಯನ್ನು ವರ್ಲೀನ್ ಅವರ ಎದೆಯ ಮೇಲಿಟ್ಟು, ಕುತ್ತಿಗೆಯ ದಾರದಲ್ಲಿ ನೇತಾಡುತ್ತಿದ್ದ ಕಾರ್ಡನ್ನು ಹಿಡಿದು ಜಗ್ಗಿದಳು. ದಾರ ಹರಿಯಿತು. ಬಿಳಿ ನಿಲುವಂಗಿಯ ಮೇಲೆ ಐದೂ ಬೆರಳಿನ ಅಚ್ಚು ಉಳಿಯಿತು. ಸಾಹೇಬರು ಅದನ್ನೇ ನೋಡುತ್ತಾ ನಿಂತರು.

ಲಿಫ್ಟಿನ ಬಾಗಿಲು ಮುಚ್ಚುವಾಗ ಕ್ರೇಗ್ ಅಳುಬುರುಕ ದನಿಯಲ್ಲಿ ಯಾರಿಗೋ ಫೋನಿನಲ್ಲಿ ಹೇಳುತ್ತಿದ್ದ: "ಹೌದು, ಚೊಕ್ಕ ಬದಿಗೇ ನುಗ್ಗಿಬಿಟ್ಟಿದಾರೆ... ಇಲ್ಲ, ಇಲಿಗಳಿಗೆ ಇನ್ನೂ ಏನೂ ಆಗಿಲ್ಲ..."

ಲಿಫ್ಟ್ ಮೇಲೇರಿತು. ವರ್ಲೀನ್ ಗಾಡಿಯ ಪಕ್ಕ ಮೊಣಕಾಲೂರಿದಳು. ಇಷ್ಟು ಹೊತ್ತು ತಡೆದಿದ್ದ ಅವಳ ಎದೆಯೂ ಈಗ ಮುಷ್ಟಿ ಕಟ್ಟಿಕೊಂಡಿತು.

"ಒಡೆಲಣ್ಣ. ಉಸ್ರೆಳ್ಕೋ. ನಾನು ಅವತ್ತು ಎಳ್ಕೋ ಅಂದಿದ್ದು ತಪ್ಪಾಯ್ತು ಕಣಣ್ಣ. ಇವತ್ತೊಂದ್ಸಲ ಎಳ್ಕೋ. ನಿಜವಾದ್ದು ಎಳ್ಕೋ."

ಅವನ ಎದೆಗೆ ಕಿವಿಯಿಟ್ಟಳು. ಒಳಗೆಲ್ಲೋ ಸಿಳ್ಳೆ ಹಾಕಿದ ಹಾಗೆ ಸಣ್ಣದೊಂದು ಗೊರಗೊರ ಕೇಳಿಸಿತು. ಅದು ಅವನದೋ ತನ್ನದೋ ಎಂದು ತಿಳಿಯಲು ತನ್ನ ಉಸಿರು ಬಿಗಿಹಿಡಿದಳು. ಸದ್ದು ನಿಂತುಹೋಯಿತು.

ಅವಳು ಉಸಿರು ಬಿಡದೆ, ಅವನ ಎದೆಗೆ ಕಿವಿಯನ್ನು ಇನ್ನಷ್ಟು ಒತ್ತಿ, ಕಾಯುತ್ತಾ ಕೂತಳು.